ಹಗ್ಗದ ಇನ್ನೊಂದು ತುದಿ

ಗೋಧಿ ಕೊಯ್ಲಿನ ದಿನಗಳು. ಹೆಣ ನಡುಮನೆಯಲ್ಲಿದ್ದರೂ ಹಸುವಿನ ಕೆಚ್ಚಲು ಕಾಯುವುದಿಲ್ಲ. ಸತ್ತವಳ ಮಗಳು ಮೂರನೆಯ ಹಸುವಿನ ಹಾಲು ಕರೆಯುತ್ತಿದ್ದಳು. ಪಕ್ಕದ ಮನೆಯ ಕೊಯ್ಲಿನವಳು ಅರ್ಧ ಸಾಲು ಹಾಗೇ ಬಿಟ್ಟು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಅವಳ ಒಂಬತ್ತು ವರ್ಷದ ಮಗಳು ಹತ್ತು ಹೆಜ್ಜೆ ಹಿಂದೆ, ಗೋಡೆಗೆ ಬೆನ್ನು ಕೊಟ್ಟು.

“ಅಕ್ಕಾ, ಇವಳಿಗೆ ಒಂದ್ಸಲ ನಿಮ್ಮಮ್ಮನ್ನ ತೋರಿಸಲಾ?”

ಉತ್ತರ ಕೊಟ್ಟವರು ಸತ್ತವಳ ತಮ್ಮ. “ಬೇಡಮ್ಮ. ಒಳಗೆ ಹೋಗಿ ಕಿರುಚಿದ್ರೆ?”

“ಇವತ್ತು ಈ ಮನೇಲಿ ಕಿರುಚದೆ ಇರೋರು ಯಾರಿದ್ದಾರೆ, ಮಾವ?” ಎಂದಳು ಮಗಳು, ಕೆಚ್ಚಲಿನಿಂದ ಕೈ ತೆಗೆಯದೆ.

“ಅಲ್ಲ ಕಣೇ, ಸತ್ತೋರನ್ನ ನೋಡಿ ಆ ಮಗುವಿಗೇನು ಅರ್ಥ ಆಗುತ್ತೆ?”

“ಅದು ನಂಗೂ ಗೊತ್ತಿಲ್ಲ,” ಎಂದಳು ಕೊಯ್ಲಿನವಳು. “ಆದ್ರೆ ಇವಳ ಟೀಚರು ಹೇಳದೆ ಊರು ಬಿಟ್ಟಾಗ ಇಪ್ಪತ್ತೆರಡು ದಿನ ಶಾಲೆ ಗೇಟಲ್ಲಿ ನಿಂತ್ಲು. ಬಿಸಿಲಿಗೆ ತುಟಿ ಒಡೀತು. ಈಗ ನೋಡದೆ ಹೋದ್ರೆ ನಾಳೆ ಬೆಳಿಗ್ಗೆ ಇಲ್ಲಿ ಬಂದು ನಿಲ್ತಾಳೆ. ನಾಳಿದ್ದೂ.”

*

ಡಾಕ್ಟರು ಆಟಿಸಂ ಅಂದಿದ್ದರು. ಊರು ಹಟಮಾರಿ ಅಂದಿತ್ತು. ಈಗ ನಡುಮನೆಯಲ್ಲಿ ಹೆಣವಾಗಿ ಮಲಗಿರುವ ಹಾಲಿನ ಮುದುಕಿ ನಾಲ್ಕು ವರ್ಷದ ಹಿಂದೆ ಏನೂ ಅನ್ನಲಿಲ್ಲ. ಕೈ ಹಿಡಿದರೆ ಹುಡುಗಿಗೆ ಮೈ ಉರಿಯುತ್ತದೆ, ಬಿಟ್ಟರೆ ಕಾಲುವೆಯ ಕಡೆ ಓಡುತ್ತಾಳೆ ಎಂಬುದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಹಗ್ಗವೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಅವಳ ಮುಂದೆ ನೆಲದ ಮೇಲಿಟ್ಟಳು. ಹುಡುಗಿ ತಾನಾಗಿ ಎತ್ತಿಕೊಂಡಳು. ಆಮೇಲೆ ಇಬ್ಬರೂ ದಿನಾ ಹಾಗೇ ಮನೆಮನೆಗೆ ಹಾಲು ಹಾಕಿ ಬರತೊಡಗಿದರು. ತಾಯಿಗೆ ಕೆಲಸಕ್ಕೆ ಹೋಗಲು ಬಿಡುವಾಯಿತು.

ಒಂದು ದಿನ ತಾಯಿ ದೂರದಿಂದ ನೋಡಿದಳು. ಕಂಡದ್ದು ಹಗ್ಗ ಮಾತ್ರ. ಬೀದಿಯಲ್ಲಿ ನಾಲ್ಕು ಜನರ ಎದುರು ಕೂಗಾಡಿದಳು: “ನನ್ನ ಮಗಳೇನು ಕರುವಾ, ಕಟ್ಟಿ ಎಳ್ಕೊಂಡು ಹೋಗೋಕೆ?”

ಮುದುಕಿ ಕ್ಯಾನು ಕೆಳಗಿಳಿಸಿದಳು. “ಗಂಟು ನನ್ನ ಸೊಂಟದಲ್ಲಿದೆ, ನೋಡು ತಾಯಿ. ಅವಳೇ ನನ್ನ ಹೊಡ್ಕೊಂಡು ಹೋಗ್ತಿರೋದು.”

ಸುತ್ತಲಿದ್ದವರು ನಕ್ಕರು. ತಾಯಿ ಮರುದಿನವೂ ಮಗಳನ್ನು ಕಳಿಸಿದಳು, ನಾಲ್ಕು ವರ್ಷ ಕಳಿಸಿದಳು. ತಪ್ಪಾಯಿತು ಅನ್ನುವ ಮಾತು ಮಾತ್ರ ನಾಲಿಗೆಯ ತನಕ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು.

*

“ಕರ್ಕೊಂಡು ಬಾ,” ಎಂದು ಸತ್ತವಳ ಮಗಳು ಎದ್ದಳು.

ಹೊಸ್ತಿಲಲ್ಲಿ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು. ಒಳಗೆ ಹೆಂಗಸರ ಅಳು ಜೋರಾಗಿತ್ತು.

“ಸ್ವಲ್ಪ ಹೊತ್ತು ಅಳು ನಿಲ್ಲಿಸ್ರೇ,” ಎಂದಳು ಸತ್ತವಳ ಮಗಳು. “ಅಮ್ಮನ ಜೊತೆಗಾತಿ ಬಂದಿದ್ದಾಳೆ.”

ಚಿಕ್ಕಮ್ಮ ಒಬ್ಬಳು ಗೊಣಗಿದಳು. ಆಮೇಲೆ ಅವಳೂ ಸುಮ್ಮನಾದಳು.

ಹುಡುಗಿ ಒಳಗೆ ಬಂದಳು. ಮುಖ ನೋಡಲಿಲ್ಲ, ಮುದುಕಿಯ ಕೈಗಳನ್ನು ನೋಡಿದಳು, ಬಾಗಿ, ತೀರ ಹತ್ತಿರದಿಂದ. ತಾಯಿ ಹೆಣದ ಕಾಲ ಬಳಿ ಕೂತಳು. ತಪ್ಪಾಯಿತು ಅನ್ನುವ ಮಾತು ಈ ಸಲ ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮಗಳು ಒಂದು ಕಿವಿಯಿಂದ ಕೈ ಇಳಿಸಿದ್ದು ಕಂಡಿತು.

ತಾಯಿ ಬಾಯಿ ಮುಚ್ಚಿಕೊಂಡಳು.

ಹೆಣ ಹೊರಲು ಬಂದ ಗಂಡಸರು ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದ ಬಿಸಿಲಲ್ಲೇ ನಿಂತಿದ್ದರು. ಮಾವ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ಅವರನ್ನು ತಡೆದಿದ್ದರು.