ಅಕ್ಕ ನುಡಿದ ಸಾಕ್ಷಿ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅಕ್ಕನದು. ತಂಗಿ ಅಲ್ಲಿ ಕೆಲಸದವಳು. ತಂಗಿಯ ನಾಲ್ಕು ವರ್ಷದ ಮಗಳು ಸಿಟ್ಟು ಬಂದರೆ ಕಚ್ಚುತ್ತಿದ್ದಳು; ಬೀದಿಯವರೆಲ್ಲ ಅವಳಿಗೆ ‘ಕಚ್ಚಕ್ಕ’ ಎಂದೇ ಹೆಸರಿಟ್ಟಿದ್ದರು. ಶಿಶುವಿಹಾರದಿಂದ ದೂರು ಬಂತೆಂದರೆ ತಂಗಿ ಒದ್ದೆ ಕೈಯಲ್ಲೇ ಓಡಬೇಕು. ಅಂದು ಗಿರಾಕಿಗಳ ಬೈಗುಳವೆಲ್ಲ ಅಕ್ಕನ ಪಾಲಿಗೆ.

ಹೀಗಿರಲು ಪುರಸಭೆಯವರು ಇಂಥ ಮಕ್ಕಳ ತಾಯಂದಿರಿಗೆಂದು ಒಂದು ತರಗತಿ ತೆರೆದರು.

“ಹೆತ್ತೋಳಿಗೆ ಪಾಠನಾ? ನಾಳೆ ಮೀನಿಗೆ ಈಜು ಕಲಿಸ್ತಾರೆ ಬಿಡು,” ಎಂದು ಅಕ್ಕ ನಕ್ಕಳು. ಆದರೂ ವಾರಕ್ಕೊಂದು ಮಧ್ಯಾಹ್ನ ರಜೆ ಕೊಟ್ಟಳು.

ಚಳಿ ಕಳೆಯುವುದರೊಳಗೆ ದೂರು ನಿಂತಿತು. ಒಂದು ಸಂಜೆ ಮಗು ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಕೆಡವಿತು. ತಂಗಿ ಕೈಯೆತ್ತಲಿಲ್ಲ, ಮೊಣಕಾಲೂರಿ ಕುಳಿತು ‘ಎತ್ತಿಡೋಣ್ವಾ?’ ಎಂದು ಒಂದೇ ಮಾತು ಹೇಳಿ ಕಾದಳು. ಮಗು ಅತ್ತಿತು, ಸುಮ್ಮನಾಯಿತು, ಒಂದು ಟವೆಲ್ಲನ್ನು ಎತ್ತಿಕೊಟ್ಟಿತು.

“ನೀನೇ ಎತ್ತಿಕೊಟ್ಯಲ್ಲ, ಜಾಣೆ,” ಎಂದು ತಂಗಿ ಅದರ ಕೆನ್ನೆ ಸವರಿದಳು.

ಅಕ್ಕನ ಎದೆಗೆ ಕೆಂಡ ಸುರಿದಂತಾಯಿತು. ಅವಳ ಮಗನೂ ಚಿಕ್ಕಂದಿನಲ್ಲಿ ಹೀಗೇ ಇದ್ದ. ಬಡಿದರೆ ದಾರಿಗೆ ಬರುತ್ತಾನೆ ಎಂದರು ಎಲ್ಲರೂ, ಬಡಿದಳು. ಈಗ ಅವನು ಜೈಲಿನಲ್ಲಿದ್ದ. ಇವಳಿಗೆ ಕೊಟ್ಟ ಬುದ್ಧಿಯನ್ನು ನನಗೇಕೆ ಕೊಡಲಿಲ್ಲ ಸ್ವಾಮೀ ಎಂದು ಅವಳು ಪ್ರಾರ್ಥನೆಯಲ್ಲೂ ತಂಗಿಯ ಬಗ್ಗೆ ಕರುಬಿದಳು.

ಆಗಲೇ ಪುರಸಭೆಯ ಗುಮಾಸ್ತ ಬಂದ. ತರಗತಿಗೆ ಹಾಕಿದ ಹಣ ದಂಡವೆಂದು ಸದಸ್ಯರು ಕೂಗಾಡುತ್ತಿದ್ದರು; ತಾಯಂದಿರಿಗೆ ಕೆಲಸ ಕೊಟ್ಟವರು ಲಾಭವಿದೆ ಎಂದರೆ ಮಾತ್ರ ಅದು ಮುಂದುವರಿಯುವುದಂತೆ. ತಂಗಿ ಬಕೆಟ್ಟು ಕೆಳಗಿಟ್ಟು ಅಕ್ಕನತ್ತ ನೋಡಿದಳು.

“ಏನಮ್ಮಾ, ನಿಮಗೇನಾದ್ರೂ ಉಪಯೋಗ ಆಯ್ತಾ?”

‘ಇಲ್ಲ’ ಎಂಬುದು ಅಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟರೆ ತರಗತಿ ಮುಚ್ಚುತ್ತದೆ, ಇಬ್ಬರೂ ಸಮ. ಅವಳು ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದಳು.

“ಇವಳನ್ನ ಕಂಡ್ರೆ ನನಗೆ ಹೊಟ್ಟೆ ಉರಿಯತ್ತೆ,” ಎಂದಳು.

ಗುಮಾಸ್ತ ಕಕ್ಕಾಬಿಕ್ಕಿಯಾದ. “ನಾನು ಕೇಳಿದ್ದು ಅದಲ್ಲ.”

“ಅದೇ ಕೇಳಿದ್ದು. ಪ್ರಯೋಜನ ಇಲ್ಲದ್ದಕ್ಕೆ ಯಾರಾದ್ರೂ ಹೊಟ್ಟೆ ಉರ್ಕೋತಾರಾ? ಇವಳೀಗ ಕೆಲಸ ಬಿಟ್ಟು ಓಡಲ್ಲ, ಅದು ಚಿಲ್ಲರೆ ಲಾಭ. ದೊಡ್ಡದು ನೋಡ್ಬೇಕಿದ್ರೆ ನನ್ನ ಜೊತೆ ಜೈಲಿಗೆ ಬನ್ನಿ. ನನ್ನ ಮಗನಿಗೆ ಊಟ ಹಾಕಿ ಕಾವಲು ಕಾಯೋಕೆ ಸರ್ಕಾರ ಎಷ್ಟು ಸುರೀತಿದೆ ಕೇಳಿ. ಆಮೇಲೆ ಈ ಪಾಠ ದುಬಾರಿ ಅನ್ನಿ.”

ಗುಮಾಸ್ತ ಬರೆದುಕೊಂಡು ಹೋದ. ತಂಗಿ ಹತ್ತಿರ ಬಂದು ಕೈ ಹಿಡಿಯಹೋದಳು.

“ಮುಟ್ಟಬೇಡ, ಉರಿ ಇನ್ನೂ ಆರಿಲ್ಲ,” ಎಂದಳು ಅಕ್ಕ. “ಹೊತ್ತಾಯ್ತು, ತರಗತಿಗೆ ಹೊರಡು. ಅಲ್ಲಿ ಹೇಳಿಕೊಟ್ಟಿದ್ದನ್ನ ಬಂದು ನನಗೂ ಹೇಳು.”

“ನಿನಗ್ಯಾಕಕ್ಕಾ ಈಗ?”

“ಭೇಟಿಗೆ ಹೋದಾಗ ಅವನ ಹತ್ರ ಏನು ಮಾತಾಡ್ಬೇಕೋ ಗೊತ್ತಾಗಲ್ಲ ಕಣೆ.”