ಮೇಲಿನ ಬೀದಿಯ ವಾಲ್ವು

ನನ್ನ ಬಾಯಿ ಸರಿ ಇಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದಿಂದ ಪಂಪ್‌ಹೌಸಿನಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದೇನೆ. ಆ ಸದ್ದಿನ ಮುಂದೆ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಕೂಗಿ ಕೂಗಿ ಅದೇ ಅಭ್ಯಾಸವಾಯಿತು ಎಂದು ನಾನು ಹೇಳಿಕೊಳ್ಳುತ್ತೇನೆ. ಅಮ್ಮ ಒಪ್ಪುವುದಿಲ್ಲ. "ಮೋಟಾರಿನ ಮೇಲೆ ಯಾಕೋ ಹಾಕ್ತೀಯ? ನೀನು ಹುಟ್ಟಿದಾಗಲೇ ಪಕ್ಕದ ಬೀದಿಯವರು ಎದ್ದು ಬಂದಿದ್ರು" ಅನ್ನುತ್ತಾಳೆ.

ನಾನು ಹೊಳೆಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವವನು. ಅಲ್ಲಿಂದ ಬೀದಿಗಳಿಗೆ ನೀರು ಬಿಡುವವನು ನಮ್ಮ ಭಾವ, ಅಂದರೆ ಅಕ್ಕನ ಗಂಡ. ಆಳೆತ್ತರದ ಕಬ್ಬಿಣದ ಕೀಲಿಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಾಡುತ್ತಾನೆ. ರಸ್ತೆಯ ಗುಂಡಿಯ ಮುಚ್ಚಳ ತೆಗೆದು, ಕೀಲಿ ಇಳಿಸಿ, ವಾಲ್ವು ತಿರುಗಿಸುತ್ತಾನೆ. ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು. ನನ್ನಕ್ಕ, ತನ್ನ ಅತ್ತೆ ಮತ್ತು ಭಾವನ ಜೊತೆ ಟ್ಯಾಂಕಿನ ಪಕ್ಕದ ಮನೆಯಲ್ಲಿದ್ದಾಳೆ. ಕೆಲಸದ ಜೊತೆ ಕೊಟ್ಟ ಮನೆ ಅದು. ಕೆಲಸ ಹೋದರೆ ಮನೆಯೂ ಹೋಗುತ್ತದೆ.

ಆ ಮನೆ ಇರುವುದು ಮೇಲಿನ ಬೀದಿಯ ತುದಿಯಲ್ಲಿ. ನಾನು, ಅಮ್ಮ ಇರುವುದು ಕೆಳಗಿನ ಬೀದಿಯಲ್ಲಿ. ಎಲ್ಲ ಶುರುವಾದದ್ದು ಅದರಿಂದಲೇ.

ನೂಲಿನ ಮಿಲ್ಲು ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಕೆಳಗಿನ ಬೀದಿಯ ಗಂಡಸರಲ್ಲಿ ಅರ್ಧದಷ್ಟು ಜನ ಬೆಳಿಗ್ಗೆ ಎದ್ದು, ಮುಖ ತೊಳೆದು, ಎಲ್ಲಿಗೂ ಹೋಗಲಾರದೆ ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಅದರ ಮೇಲೆ ಈ ಬೇಸಿಗೆಯಲ್ಲಿ ನನ್ನ ಎರಡು ಮೋಟಾರಿನಲ್ಲಿ ಒಂದು ಸುಟ್ಟುಹೋಯಿತು. ಹೊಸದು ಬರುವುದಕ್ಕೆ ಮೂರು ತಿಂಗಳು ಅಂದರು. ಮೂರು ದಿನಕ್ಕೊಮ್ಮೆ ನೀರು. ಹಿಂದಿನಿಂದ ಬಂದ ಪದ್ಧತಿಯಂತೆ ಮೊದಲು ಮೇಲಿನ ಬೀದಿಗೆ ಒಂದು ಗಂಟೆ, ಆಮೇಲೆ ಕೆಳಗಿನ ಬೀದಿಗೆ ಒಂದೂವರೆ ಗಂಟೆ.

"ಅವರಿಗ್ಯಾಕೆ ಮೊದಲು?" ಎಂದು ಜನ ಕೇಳುತ್ತಿದ್ದರು. ಟ್ಯಾಂಕು ತುಂಬಿದ್ದಾಗ ಮಾತ್ರ ನೀರು ಮೇಲಿನ ಬೀದಿ ಹತ್ತುತ್ತದೆ. ಕೆಳಗೆ ಮೊದಲು ಬಿಟ್ಟರೆ ಮೇಲಿನವರ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಹೇಳುತ್ತಿದ್ದದ್ದು, "ನಿಮ್ಮ ತಲೆಗೆ ಹೋಗೋ ವಿಷಯ ಅಲ್ಲ, ನಡೀರಿ ನಡೀರಿ." ಭಾವನಂತೂ ನಕ್ಕು ಮುಂದೆ ಹೋಗುತ್ತಿದ್ದ. ಆ ನಗುವನ್ನೂ ಜನ ಬೇರೆ ರೀತಿ ಓದಿಕೊಂಡರು.

ಆಗ ಬಂದವನು ಹರಾಜಣ್ಣ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ವ್ಯಾಪಾರ ಬಿದ್ದುಹೋಗಿ ಅವನ ಗಂಟಲಿಗೂ ಕೆಲಸವಿಲ್ಲದಂತಾಗಿತ್ತು. ಒಂದು ದಿನ ನಲ್ಲಿಯ ಸಾಲಿಗೆ ಬಂದು ಪ್ರತಿಯೊಬ್ಬರನ್ನೂ ಮಾತಾಡಿಸಿದ. ನಮ್ಮಮ್ಮನ ಹತ್ತಿರ ಬಂದು, "ಅಮ್ಮಾ, ಮಂಡಿನೋವು ಎಡಗಾಲಿನದ್ದೋ ಬಲಗಾಲಿನದ್ದೋ?" ಅಂದನಂತೆ. ಬಿಂದಿಗೆ ತಾನೇ ಹೊತ್ತು ಮನೆಯ ತನಕ ತಂದುಕೊಟ್ಟನಂತೆ.

"ಹೆತ್ತ ಮಗ ಒಂದು ದಿನ ಕೇಳಿದ್ದಾನಾ ಯಾವ ಮಂಡಿ ಅಂತ?" ಎಂದು ಅಮ್ಮ ಅವತ್ತು ಮೂರು ಸಲ ಕೇಳಿದಳು.

"ಎರಡೂ ನೋಯುತ್ತೆ ಅಂತ ನೀನೇ ಹೇಳ್ತೀಯಲ್ಲ."

"ಅದಕ್ಕೇ ಕೇಳಬೇಕಿತ್ತು!"

ಮುಂದಿನ ವಾರ ಮುಚ್ಚಿದ ಮಿಲ್ಲಿನ ಗೇಟಿನ ಮುಂದೆ ಕೈಗಾಡಿ ನಿಲ್ಲಿಸಿ ಅದರ ಮೇಲೆ ಹತ್ತಿದ. ನಾನೂ ಹೋಗಿದ್ದೆ, ಬೈಯುವುದಕ್ಕೆ ಏನಾದರೂ ಸಿಗಲಿ ಎಂದು.

"ದಿನಕ್ಕೆ ಎಷ್ಟು ಗಂಟೆ ನೀರು ಬೇಕು ನಿಮಗೆ?" ಎಂದು ಕೂಗಿದ.

"ಎರಡು ಗಂಟೆ!" ಎಂದ ಯಾರೋ ಒಬ್ಬ, ಹೆದರಿಕೊಂಡೇ.

"ಎರಡು ಗಂಟೆ! ಅಲ್ಲಿ ಮೂಲೆಯಿಂದ ಎರಡು ಗಂಟೆ! ಅಷ್ಟೇನಾ ನಿಮ್ಮ ಯೋಗ್ಯತೆ? ಆ ಅಕ್ಕ ಏನಂತಾರೆ?"

"ನಾಲ್ಕು!"

"ನಾಲ್ಕು ಒಂದು ಸಲ! ನಾಲ್ಕು ಎರಡು ಸಲ!"

"ಹತ್ತು!" ಎಂದಳು ನಮ್ಮಮ್ಮ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಇಪ್ಪತ್ನಾಲ್ಕು ಗಂಟೆ, ಮೂರು ಸಲ!" ಎಂದು ಅವನು ಅಂಗೈಗೆ ಗುದ್ದಿದ. ಜನ ಕುಣಿದರು. ಹೊಳೆಯಲ್ಲೇ ಇಪ್ಪತ್ನಾಲ್ಕು ಗಂಟೆ ನೀರಿರಲಿಲ್ಲ. ಎರಡು ವರ್ಷದಿಂದ ಜಗಲಿಯ ಮೇಲೆ ಕೂತಿದ್ದ ಗಂಡಸರು ಎದ್ದು ನಿಂತು ಕೂಗುತ್ತಿದ್ದರು. ಎಷ್ಟೋ ದಿನದ ಮೇಲೆ ಅವರನ್ನು ಯಾರೋ ಏನು ಬೇಕು ಎಂದು ಕೇಳಿದ್ದರು. ನನಗೂ ಒಂದು ಕ್ಷಣ ಕೂಗಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ದನಿ ಇಳಿಸಿದ. "ನೀರು ಎಲ್ಲಿ ಹೋಗ್ತಿದೆ? ಕೀಲಿ ಯಾರ ಹೆಗಲ ಮೇಲಿದೆ? ಅವನ ಮನೆ ಯಾವ ಬೀದಿಯಲ್ಲಿದೆ? ನಾನು ಹೇಳಲ್ಲ. ನೀವೇ ಹೇಳಿ."

ಮೇಲಿನ ಬೀದಿ, ಮೇಲಿನ ಬೀದಿ ಎಂದು ಜನ ಹೇಳಿದರು. ಚಪ್ಪಾಳೆಯಲ್ಲಿ ಅಮ್ಮನದೂ ಸೇರಿತ್ತು.

ಸಂಜೆ ಅಕ್ಕ ದುಮುದುಮು ಅನ್ನುತ್ತ ಇಳಿದು ಬಂದಳು.

"ನಿನ್ನ ಅಳಿಯನ್ನ ಊರು ಬಿಡಿಸ್ತಾರಂತೆ, ನೀನು ಚಪ್ಪಾಳೆ ತಟ್ಟಿ ಬಂದ್ಯಂತೆ!"

"ಅಯ್ಯೋ, ಅವನು ಹೇಳಿದ್ದು ಕಳ್ಳರಿಗೆ ಕಣೇ. ಅಳಿಯಂದಿರಿಗಲ್ಲ."

"ಕೀಲಿ ಇರೋದು ಊರಲ್ಲಿ ಒಂದೇ ಅಮ್ಮಾ!"

"ಅವನು ಒಳ್ಳೆಯವನು, ನಾನು ಹೇಳಿದ್ರೆ ಕೇಳ್ತಾನೆ ಬಿಡು" ಎಂದು ಅಮ್ಮ ಮಂಡಿ ನೀವಿಕೊಂಡಳು.

ವಿಷಯ ನೀರಿನ ಕಚೇರಿಗೆ ಹೋಯಿತು. ಅಲ್ಲಿಯ ಸಾಹೇಬರು ಗಾಳಿ ಬಂದ ಕಡೆ ತೂರಿಕೊಳ್ಳುವ ಮನುಷ್ಯ. ಕಿಟಕಿಯ ಹೊರಗೆ ನೂರಾರು ಜನ. ಭಾವನಿಗೆ ಮಾತು ಬರುವುದಿಲ್ಲವೆಂದು ನಾನೇ ಎದ್ದು ನಿಂತೆ. ಟ್ಯಾಂಕಿನ ವಿಷಯ ಹೇಳಲು ಬಾಯಿ ತೆರೆದೆ. ಹಿಂದಿನಿಂದ ಯಾರೋ, "ಭಾವ-ಭಾವಮೈದ ಸೇರಿ ಕುಡೀತಿದ್ದಾರೆ" ಅಂದ. ಅಷ್ಟೇ. "ಕತ್ತೆಗಳಾ! ನಿಮಗೆ ನೀರಲ್ಲ, ಹುಲ್ಲು ಹಾಕಬೇಕು!" ಎಂದುಬಿಟ್ಟೆ.

ಹರಾಜಣ್ಣ ಕೋಪ ಮಾಡಿಕೊಳ್ಳಲಿಲ್ಲ. ಜನರ ಕಡೆ ತಿರುಗಿ ಎರಡು ಕೈ ಚಾಚಿದ. "ಕೇಳಿಸಿಕೊಂಡ್ರಾ? ಇವರ ಮನಸ್ಸಲ್ಲಿ ನಾವು ಏನು ಅಂತ ಇವತ್ತು ಬಾಯಿಗೆ ಬಂತು."

ಅವನು ಒಂದು ತಿಂಗಳು ಕೂಗಿದರೂ ಆಗದ ಕೆಲಸ ನಾನು ಒಂದೇ ಮಾತಿನಲ್ಲಿ ಮಾಡಿಕೊಟ್ಟೆ.

ಸಾಹೇಬರು ತೀರ್ಮಾನ ಹೇಳಿದರು: ಭಾನುವಾರ ಹರಾಜಣ್ಣನೇ ನೀರು ಬಿಡಲಿ. ಕೆಳಗಿನ ಬೀದಿಗೆ ಹೆಚ್ಚು ನೀರು ಬಂದರೆ ಕೀಲಿ ಅವನದು, ಟ್ಯಾಂಕಿನ ಮನೆಯೂ ಅವನದು. ಭಾವ ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೂಡುರಸ್ತೆಯಲ್ಲಿ ಜನವೋ ಜನ. ಸಾಹೇಬರೂ ಬಂದಿದ್ದರು. ಎರಡೂ ಬೀದಿಯ ವಾಲ್ವುಗಳು ಇರುವುದು ಅಲ್ಲೇ, ಅಕ್ಕಪಕ್ಕದ ಎರಡು ಗುಂಡಿಗಳಲ್ಲಿ. ಭಾವ ಬೆಳಗಿನ ಜಾವವೇ ಎರಡನ್ನೂ ಮುಚ್ಚಿ, ಕೀಲಿಗೆ ಎಣ್ಣೆ ಹಚ್ಚಿ, ಮಗಳನ್ನು ಕಳಿಸಿಕೊಡುವವನ ಹಾಗೆ ನಿಂತಿದ್ದ.

"ಮೊದಲು ಮೇಲಿನ ಬೀದಿಯ ವಾಲ್ವು ಬಿಗಿಯಾಗಿ ಮುಚ್ಚುತ್ತೇನೆ" ಎಂದ ಹರಾಜಣ್ಣ. "ಒಂದು ಹನಿ ಹೋಗಬಾರದು!"

ಭಾವ ನನ್ನ ತೋಳು ಹಿಡಿದ. "ಹೇಳು" ಎಂದ. ಅವನ ದಿನದ ಮೊದಲ ಮಾತು.

ಹೇಳಬೇಕಾದದ್ದು ಇಷ್ಟು. ಊರಿನ ವಾಲ್ವುಗಳೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಮೇಲಿನ ಬೀದಿಯದೊಂದು ಮಾತ್ರ ಅಜ್ಜನ ಕಾಲದ್ದು, ಬೇರೆ ತರಹದ್ದು. ಅದು ಎಡಕ್ಕೆ ಮುಚ್ಚುತ್ತದೆ, ಬಲಕ್ಕೆ ತೆರೆಯುತ್ತದೆ. ಭಾವನಿಗೆ ಗೊತ್ತು, ನನಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

"ಅಯ್ಯಾ, ಅದು ತಿರುಗೋದು ಬೇರೆ ಕಡೆ! ಎಡಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ!" ಎಂದು ಕೂಗಿದೆ. ಆಣೆ ಮಾಡಿ ಹೇಳುತ್ತೇನೆ, ಕೂಗಿದೆ.

ಹರಾಜಣ್ಣ ನಕ್ಕ. "ಕೇಳಿ ಬಂಧುಗಳೇ! ಇವತ್ತು ಬಲ ಎಡ ಆಯ್ತು. ನಾಳೆ ನೀರು ಬೆಂಕಿ ಅಂತಾರೆ!"

ಜನ ಹೋ ಎಂದರು. "ಕತ್ತೆಗಳಿಗೆ ಎಡ ಬಲ ಗೊತ್ತಿದೆ ಕಣಯ್ಯಾ!" ಎಂದ ನಮ್ಮ ಪಕ್ಕದ ಮನೆಯ ಮಿಲ್ಲಿನವನು, ನೂಲು ತೆಗೆಯುತ್ತಿದ್ದವನು. ನನ್ನ ಮಾತನ್ನು ನನಗೇ ಬಡ್ಡಿ ಸಮೇತ ಕೊಟ್ಟ.

ಹರಾಜಣ್ಣ ಕೀಲಿ ಇಳಿಸಿ ಬಲಕ್ಕೆ ತಿರುಗಿಸಿದ. ಒಂದೊಂದು ಸುತ್ತಿಗೂ ಜನ ಎಣಿಸಿದರು. ಹನ್ನೆರಡು ಸುತ್ತಿಗೆ ವಾಲ್ವು ನಿಂತಿತು. "ಮುಚ್ಚಿತು!" ಎಂದು ಅದೇ ಗುಂಡಿಯ ಮುಚ್ಚಳದ ಮೇಲೆ ನಿಂತು ಭಾಷಣ ಶುರುಮಾಡಿದ.

ಒಳ್ಳೆಯ ಭಾಷಣ. ಮಿಲ್ಲಿನಿಂದ ಹಿಡಿದು ಮಂಡಿನೋವಿನ ತನಕ ಎಲ್ಲವೂ ಇತ್ತು. ಹೊರಟುಹೋಗುವ ಮನಸ್ಸೇ ಯಾರಿಗೂ ಆಗಲಿಲ್ಲ. ಭಾವ ಮಾತ್ರ ಕೀಲಿಯ ಒಂದು ತುದಿಯನ್ನು ಗುಂಡಿಯ ಪಕ್ಕ ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಕೇಳಿ, "ಹೋಗ್ತಾ ಇದೆ" ಎಂದು ಪಿಸುಗುಟ್ಟಿದ. ನಾನು ಎರಡು ಸಲ ಕೂಗಿದೆ. ಎರಡು ಸಲವೂ ಚಪ್ಪಾಳೆ ನನ್ನನ್ನು ನುಂಗಿತು. ಅರ್ಧ ಗಂಟೆ, ಒಂದು ಗಂಟೆ, ಒಂದೂಕಾಲು ಗಂಟೆ. ಅವನು ನೀರಿನ ಮೇಲೇ ನಿಂತು ನೀರಿನ ಬಗ್ಗೆ ಮಾತಾಡುತ್ತಿದ್ದ, ನೀರು ಅವನ ಕಾಲ ಕೆಳಗೇ ಮೇಲಿನ ಬೀದಿಗೆ ಹರಿಯುತ್ತಿತ್ತು.

ಕೊನೆಗೆ ಕೆಳಗಿನ ಬೀದಿಯ ವಾಲ್ವು ತೆರೆದ. ಜನ ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದರು. ನಮ್ಮ ನಲ್ಲಿಯಲ್ಲಿ ನೀರು ಹತ್ತು ನಿಮಿಷ ಬಂತು. ಹನ್ನೊಂದನೆಯ ನಿಮಿಷಕ್ಕೆ ಗೊರಗೊರ ಅಂದಿತು. ಆಮೇಲೆ ಮುದುಕನ ಕೆಮ್ಮಿನ ಹಾಗೆ ಎರಡು ಸಲ ಗಾಳಿ ಉಗುಳಿ ಸುಮ್ಮನಾಯಿತು.

ಖಾಲಿ ಕೊಡಗಳ ಸಮೇತ ಎಲ್ಲರೂ ಕೂಡುರಸ್ತೆಗೆ ವಾಪಸು ಬಂದರು. ಹರಾಜಣ್ಣನ ಮುಖ ಒಂದು ಕ್ಷಣ ಬೆಳ್ಳಗಾಯಿತು, ಒಂದೇ ಕ್ಷಣ. "ಕಳ್ಳ ಪೈಪು!" ಎಂದ. "ಮೇಲಿನವರು ಕಳ್ಳ ಪೈಪು ಹಾಕಿದ್ದಾರೆ! ಬನ್ನಿ, ಅಗೆಯೋಣ!"

ಯಾರೋ ಗುದ್ದಲಿ ತರಲು ಓಡಿದರು. ಭಾವ ಕೀಲಿಯನ್ನು ಎದೆಗೆ ಅವಚಿಕೊಂಡ. ಅಕ್ಕನ ಪಾತ್ರೆಗಳನ್ನು ಎಲ್ಲಿಗೆ ಸಾಗಿಸುವುದು ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಮೇಲಿನ ಬೀದಿಯಿಂದ ಸೊಂಟದ ಮೇಲೆ ತುಂಬಿದ ಬಿಂದಿಗೆ, ಕೈಯಲ್ಲಿ ಲೋಟ ಹಿಡಿದು ಒಬ್ಬ ಮುದುಕಿ ಇಳಿದು ಬಂದಳು. ಅಕ್ಕನ ಅತ್ತೆ, ನಮ್ಮಮ್ಮನ ಬೀಗಿತ್ತಿ. ನೇರವಾಗಿ ಹರಾಜಣ್ಣನ ಹತ್ತಿರ ಹೋದಳು.

"ತಗೋಪ್ಪ, ಕುಡಿ. ಬಿಸಿಲಲ್ಲಿ ಅಷ್ಟು ಹೊತ್ತು ಮಾತಾಡಿದ್ದೀಯ. ನೀನು ನಮಗೆ ನೀರು ನಿಲ್ಲಿಸ್ತೀಯ ಅಂತ ಜನ ಸುಳ್ಳು ಹೇಳಿದ್ರು ನೋಡು. ನಾನು ಈ ಮನೆಗೆ ಬಂದಾಗಿಂದ ನಲ್ಲಿ ಹೀಗೆ ಬಂದಿರಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ!"

ಗುದ್ದಲಿ ತಂದವನು ಅದನ್ನು ನೆಲಕ್ಕೆ ಊರಿ ನಿಂತುಬಿಟ್ಟ.

ನಮ್ಮಮ್ಮ ಮೆಲ್ಲಗೆ ಮುಂದೆ ಬಂದಳು. "ನಿಮ್ಮ ಡ್ರಮ್ಮು ತುಂಬಿತಾ, ಬೀಗರೇ?"

"ಒಂದಾ? ಎರಡೂ ತುಂಬಿತು. ಉಕ್ಕಿ ಹೋಗ್ತಿತ್ತಲ್ಲ, ಮೆಟ್ಟಿಲೂ ತೊಳೆದೆ."

"ಮೆಟ್ಟಿಲು ತೊಳೆದ್ರಾ!"

ಮಿಲ್ಲು ಮುಚ್ಚಿದ್ದನ್ನು ಅಮ್ಮ ಸಹಿಸಿದ್ದಳು, ಮಂಡಿನೋವು ಸಹಿಸಿದ್ದಳು. ಬೀಗಿತ್ತಿ ಮೆಟ್ಟಿಲು ತೊಳೆದದ್ದನ್ನು ಸಹಿಸಲಾಗಲಿಲ್ಲ.

ಹರಾಜಣ್ಣ ಕೈ ಎತ್ತಿದ. "ಬಂಧುಗಳೇ! ನನಗೆ ಮೇಲು ಕೆಳಗು ಅಂತ ಭೇದ ಇಲ್ಲ! ಎಲ್ಲರಿಗೂ ನೀರು ಕೊಟ್ಟವನು ನಾನು!" ನಂಬಿದರೆ ನಂಬಿ, ಆಗಲೂ ನಾಲ್ಕು ಜನ ಚಪ್ಪಾಳೆ ತಟ್ಟಿದರು.

"ಏಯ್, ತಟ್ಟೋದು ನಿಲ್ಲಿಸಿ" ಎಂದಳು ಅಮ್ಮ. "ನೋಡಪ್ಪ, ನನ್ನ ಮಂಡಿ ಎಡಗಾಲಿನದ್ದೋ ಬಲಗಾಲಿನದ್ದೋ ಅಂತ ಕೇಳಿದೆ, ಸಂತೋಷ. ವಾಲ್ವು ಎಡಕ್ಕೋ ಬಲಕ್ಕೋ ಅಂತ ನಮ್ಮ ಅಳಿಯಂದಿರನ್ನ ಕೇಳೋಕೆ ನಿನಗೇನಾಗಿತ್ತು?"

ನನ್ನ ನಾಲಿಗೆ ತುದಿಗೆ ಬಂದಿತ್ತು: ನಾನು ಹೇಳಲಿಲ್ಲವಾ, ಕತ್ತೆಗಳಾ. ಅಮ್ಮ ಕಣ್ಣು ಬಿಟ್ಟಳು. "ಬಾಯಿ ಮುಚ್ಚಿಕೊಂಡು ತೋರಿಸು" ಎಂದಳು.

ತೋರಿಸಿದೆ. ಬೀಗಿತ್ತಿಯ ನೀರನ್ನು ಬಕೆಟ್ಟಿಗೆ ಸುರಿದು ಕೈಗಾಡಿಯ ಮೇಲಿಟ್ಟೆ. ಎರಡು ರಬ್ಬರ್ ಕೊಳವೆ ತರಿಸಿ, ಎರಡರ ಒಂದೊಂದು ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಒಂದರ ಇನ್ನೊಂದು ತುದಿಯನ್ನು ಬಕೆಟ್ಟಿನ ಅಂಚಿಗಿಂತ ತುಸು ಕೆಳಗೆ ಭಾವ ಹಿಡಿದ. ಅದು ಮೇಲಿನ ಬೀದಿ. ಇನ್ನೊಂದು ಕೊಳವೆಯನ್ನು ನೆಲದ ಮೇಲಿನ ಖಾಲಿ ಕೊಡಕ್ಕೆ ಬಿಟ್ಟೆ. ಅದು ನಾವು. ಮೊದಲು ನಮ್ಮ ಕೊಳವೆ ಬಿಟ್ಟರೆ ಬಕೆಟ್ಟಿನ ನೀರು ಇಳಿದು, ಭಾವನ ಕೈಯ ಕೊಳವೆ ಒಣಗಿತು. ಅದೇ ನೀರನ್ನು ಮತ್ತೆ ತುಂಬಿಸಿ, ಮೊದಲು ಅವನದನ್ನು ಬಿಟ್ಟು ನಿಲ್ಲಿಸಿ, ಆಮೇಲೆ ನಮ್ಮದು ಬಿಟ್ಟರೆ ಇಬ್ಬರಿಗೂ ಬಂತು. ಒಂದೂ ಮಾತಾಡಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ನೂಲಿನವನು ತಲೆ ಕೆರೆದುಕೊಂಡ. "ಇದನ್ನ ಮೊದಲೇ ತೋರಿಸೋಕೆ ನಿನಗೇನು ದಾಡಿ ಆಗಿತ್ತು?"

ನಾನು ಕೊಳವೆ ಸುತ್ತಿಡತೊಡಗಿದೆ.

ಅವನ ಹೆಂಡತಿ ಬಿಡಲಿಲ್ಲ. "ಮೇಲೆ ಎಷ್ಟು ಮನೆ ಇದೆ?"

"ನಲವತ್ತು" ಎಂದ ಭಾವ.

"ಕೆಳಗೆ ನೂರಿಪ್ಪತ್ತು. ಅವರಿಗೆ ಒಂದು ಗಂಟೆ, ನಮಗೆ ಒಂದೂವರೆ. ಇದ್ಯಾವ ನ್ಯಾಯ?"

ನಾನು ಭಾವನ ಮುಖ ನೋಡಿದೆ, ಭಾವ ನನ್ನ ಮುಖ ನೋಡಿದ. ಇಪ್ಪತ್ತೆರಡು ವರ್ಷದಿಂದ ಅದು ಹಾಗೇ ನಡೆದುಬಂದಿತ್ತು. "ಮುಕ್ಕಾಲು ಗಂಟೆ ಸಾಕು" ಎಂದ ಭಾವ. "ಅವರ ಡ್ರಮ್ಮು ಅಷ್ಟರಲ್ಲೇ ತುಂಬುತ್ತೆ."

"ಮೆಟ್ಟಿಲಿಗೆ ಬೇಡ" ಎಂದಳು ಅಮ್ಮ.

ಸಾಹೇಬರಿಗೆ ಗಾಳಿ ತಿರುಗಿದ್ದು ಗೊತ್ತಾಯಿತು. ಕೀಲಿಯನ್ನು ತಮ್ಮ ಕೈಯಿಂದಲೇ ಭಾವನ ಹೆಗಲಿಗೆ ಏರಿಸಿದರು. ಮನೆ ಉಳಿಯಿತು. ಭಾವ ಅವತ್ತೇ ಎರಡೂ ಗುಂಡಿಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತು ಬರೆದ: ಒಂದು ಎಡಕ್ಕೆ, ಒಂದು ಬಲಕ್ಕೆ. ನೀರು ಬಿಡುವ ದಿನ ನಾನೀಗ ಅರ್ಧ ಗಂಟೆ ಅಲ್ಲಿ ನಿಲ್ಲುತ್ತೇನೆ. ಜನ ಕೇಳುತ್ತಾರೆ, ನಾನು ಹೇಳುತ್ತೇನೆ. ಸಿಟ್ಟು ಬಂದಾಗ ಪಂಪ್‌ಹೌಸಿಗೆ ಹೋಗಿ ಮೋಟಾರಿಗೆ ಬೈಯುತ್ತೇನೆ.

ಹರಾಜಣ್ಣ ಎಲ್ಲಿಯೂ ಹೋಗಲಿಲ್ಲ. ಎರಡು ವಾರ ಕಾಣಲಿಲ್ಲ ಅಷ್ಟೇ. ಮೂರನೆಯ ವಾರ ಅದೇ ಕೈಗಾಡಿ ಹತ್ತಿದ. ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ವಿಷಯ ಎತ್ತಿಕೊಂಡು, ನಡುವೆ, "ವಾಲ್ವಿನ ಮೇಲೆ ಬಾಣ ಬರೆಸಿದ್ದು ಯಾರು? ನಾನು ಹೇಳಲ್ಲ, ನೀವೇ ಹೇಳಿ!" ಎಂದ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ನೋಡಿದರೆ ಅಮ್ಮನೂ ತಟ್ಟುತ್ತಿದ್ದಾಳೆ.

"ಅಮ್ಮಾ!"

"ಏನೋ? ಚೆನ್ನಾಗಿ ಮಾತಾಡ್ತಾನೆ, ತಟ್ಟಿದೆ" ಎಂದಳು. "ತಟ್ಟಿದ ಮಾತ್ರಕ್ಕೆ ಕೀಲಿ ಕೊಡ್ತೀನಾ?"