ಯಾವುದಕಿಂತ?

ತೊಗರಿ ಕಡ್ಡಿಯನ್ನು ಶಿವಕಾಂತಮ್ಮನ ಪಾದಕ್ಕೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಅಳೆದು, ಕುಣಿ ತೋಡುವ ಗುರುಲಿಂಗಪ್ಪ ಪಟ್ಟನೆ ಮುರಿದ. ಸಮಾಧಿಯ ಕುಣಿಗೆ ತೀರಿಹೋದವರ ಪಾದವೇ ಅಳತೆ. ಮುರಿದ ಕಡ್ಡಿ ಅವನ ಗೇಣಿಗಿಂತ ಗಿಡ್ಡವಿತ್ತು.

“ಕುಣಿ ಭಾಳ ಸಣ್ಣದಾಗ್ತದ್ರಿ, ಸಾವುಕಾರ್ರ.”

ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತಿಗೆಯ ಮುಖ ನೋಡದೆ ಕಲ್ಯಾಣಪ್ಪ ತನ್ನ ಕಾಲು ಮುಂದೆ ಚಾಚಿದ. “ನಂದು ತಗೋ. ದೊಡ್ಡ ಮನೆತನದ ಹೆಣ್ಣಮಗಳು. ಭಂಕೂರ ಊರೆಲ್ಲ ನಗಬಾರದು.”

“ಅತ್ತಿಯವರ್ದೇ ಇರ್ಲಿ,” ಎಂದಳು ಮಹಾದೇವಮ್ಮ, ಬಾಗಿಲ ಮರೆಯಿಂದ. ಗಂಡನನ್ನು ಕಳೆದುಕೊಂಡ ಸೊಸೆ. ಸಣ್ಣಮಾವನೆದುರು ಅವಳು ಈವರೆಗೆ ಬಾಯಿ ತೆರೆದವಳಲ್ಲ.

ಪಕ್ಕದ ಮನೆಯ ಹಮೀದಾಬೇಗಂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. “ನಿಮ್ಮ ಪಾದದ ಅಳತಿಗೆ ತೋಡಿದ್ರ ನೀವೇ ಹೋಗಿ ಕುಂದರಬೇಕಾಗ್ತದ, ಭಾಯಿಸಾಬ್.”

ಕಲ್ಯಾಣಪ್ಪ ಕಾಲು ಹಿಂದಕ್ಕೆಳೆದುಕೊಂಡ. ಗುರುಲಿಂಗಪ್ಪ ಕಡ್ಡಿ ಹಿಡಿದು ಹೊರಟ.

“ಈ ಸಣ್ಣ ಹುಡುಗರ ಸಾಲಿ ಇವತ್ತಿಗೆ ಮುಗೀತು,” ಎಂದ ಕಲ್ಯಾಣಪ್ಪ, ಪಡಸಾಲೆಯತ್ತ ಕಣ್ಣಾಡಿಸಿ. “ನಾಳಿ ಮೇಸ್ತ್ರಿ ದಸ್ತಗೀರ ಗಣಿಯಿಂದ ಫರಸಿ ಕಲ್ಲು ತಂದು ಇಲ್ಲಿ ಒಟ್ಟತಾನ. ನೀ ಚಿಮ್ಮನಚೋಡದ ತವರಿಗೆ ಹೋಗು. ಒಬ್ಬಾಕಿ ಇಲ್ಲಿದ್ದು ಏನ್ ಮಾಡ್ತಿ?”

“ಸಾಲಿ ನಡಸ್ತೀನ್ರಿ.”

“ಅಕ್ಷರಿಲ್ಲ, ಲೆಕ್ಕಿಲ್ಲ. ಕಲ್ಲ ಆರಸೋದೂ ಒಂದು ಸಾಲಿ ಏನು?”



*

ಗಂಡ ಸತ್ತ ವರ್ಷ ಮಹಾದೇವಮ್ಮ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಪಡಸಾಲೆಯಲ್ಲಿ ಶಿವಕಾಂತಮ್ಮ ಕಲ್ಲುಗಣಿಯಲ್ಲಿ ದುಡಿಯುವವರ ಮಕ್ಕಳ ಮುಂದೆ ಫರಸಿಯ ಚೂರುಗಳನ್ನು ಸುರಿಯುತ್ತಿದ್ದಳು. ಆ ಕಾಲದ ಸರ್ಕಾರಿ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಮಕ್ಕಳು ಮನೆಯ ಮಾತಿನಲ್ಲಿ ನೋಡಿ ಹೋಲಿಸುವುದನ್ನು ಕಲಿಯಲಿ ಎಂಬುದು ಅವಳ ಹಟ. ಮಗು ಒಂದು ಚೂರು ಎತ್ತಿ “ಇದು ದೊಡ್ಡದು” ಎಂದರೆ ಅವಳು ಕೇಳುವಳು: “ಯಾವುದಕಿಂತ?” ಮಗು ಇನ್ನೊಂದು ಚೂರನ್ನು ಪಕ್ಕಕ್ಕಿಟ್ಟು ತೋರಿಸಬೇಕು.

ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ತಂದಿಟ್ಟಾಗ ಮಹಾದೇವಮ್ಮ ಗಂಗಾಳ ದೂಡಿದಳು.

“ನನ್ನ ದುಃಖ ದೊಡ್ಡದದ, ಅತ್ತಿ.”

“ಯಾವುದಕಿಂತ?”

ರೂಢಿಯಿಂದ ಬಂದ ಮಾತು. ಕೇಳಿದ ಮೇಲೆ ಶಿವಕಾಂತಮ್ಮನ ಕೈ ಗಂಗಾಳದ ಅಂಚಿನಲ್ಲೇ ನಿಂತಿತು. ಸತ್ತವನು ಅವಳ ಒಬ್ಬನೇ ಮಗ.

ಆಮೇಲೆ ಸೊಸೆ ರೊಟ್ಟಿ ಮುರಿದು ಅರ್ಧ ಅತ್ತೆಗೆ ಕೊಟ್ಟಳು. ಮರುದಿನ ಮಕ್ಕಳ ನಡುವೆ ಹೋಗಿ ಕೂತಳು.

*

ಚಪ್ಪಲಿಗಳನ್ನು ಅಂಗಳದಲ್ಲಿ ಬಿಟ್ಟು ಎಲ್ಲರೂ ಬರಿಗಾಲಲ್ಲಿ ಹೆಣದ ಹಿಂದೆ ಮಣ್ಣಿಗೆ ಹೋದರು. ಮಹಾದೇವಮ್ಮ, ಹಮೀದಾಬೇಗಂ ಮನೆ ತೊಳೆಯಲು ಉಳಿದರು. ಪಡಸಾಲೆ ಇನ್ನೂ ಒದ್ದೆಯಿರುವಾಗಲೇ ಮಕ್ಕಳು ಬಂದು ಅಂಗಳದಲ್ಲಿ ನಿಂತವು. ಶಿವಕಾಂತಮ್ಮ ಸತ್ತದ್ದು ಅವಕ್ಕೆ ಗೊತ್ತಿತ್ತು. ಸಾಲೆ ಇಲ್ಲವೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಮನೆಗೆ ಹೋಗಿರೆನ್ನಲು ಮಹಾದೇವಮ್ಮ ಹೊರಗೆ ಬಂದಳು. ಮಕ್ಕಳನ್ನು ನೋಡಿದಳು. ಚಪ್ಪಲಿಗಳ ರಾಶಿ ನೋಡಿದಳು.

“ಸಣ್ಣದರಿಂದ ದೊಡ್ಡದಕ್ಕ ಸಾಲು ಹಚ್ಚರಿ,” ಎಂದಳು.

ಮಣ್ಣು ಮುಗಿಸಿ ಬಂದವರು ಅಂಗಳದ ಬಾಯಲ್ಲೇ ನಿಂತುಬಿಟ್ಟರು. ಕಲ್ಯಾಣಪ್ಪ ನೇರ ಸಾಲಿನ ಕೊನೆಗೆ ನಡೆದ. ಅಲ್ಲಿದ್ದವು ಗಣಿಯ ಮೇಸ್ತ್ರಿ ಗುಲಾಮ ದಸ್ತಗೀರನ ಚಪ್ಪಲಿ.

“ನನ್ನವೆಲ್ಲಿ?”

“ನಡು ಮಧ್ಯ ಅವ ನೋಡ್ರಿ,” ಎಂದಳು ಎಲ್ಲರಲ್ಲಿ ಚಿಕ್ಕ ಹುಡುಗಿ. “ತೆಗೀಬ್ಯಾಡ್ರಿ. ಇನ್ನಾ ಮುಗದಿಲ್ಲ.”

“ಮತ್ತೇನ್ ಉಳದದ?”

ಅವಳಿಗೆ ಚಪ್ಪಲಿ ಇರಲಿಲ್ಲ. ಸಾಲಿನ ಮೊದಲಿಗೆ ಓಡಿ, ಎಲ್ಲಕ್ಕಿಂತ ಸಣ್ಣ ಜೋಡಿಯ ಪಕ್ಕ ತನ್ನ ಎರಡೂ ಪಾದ ಜೋಡಿಸಿ ನಿಂತಳು.

ನೆಲ ಸುಡುತ್ತಿತ್ತು. ಕಲ್ಯಾಣಪ್ಪ ತನ್ನ ಚಪ್ಪಲಿಯೊಳಗೆ ಕಾಲು ತೂರಿಸಿದ. ಒಂದು ಹೆಜ್ಜೆ ಎತ್ತಿದವನು ಅತ್ತ ಇತ್ತ ನೋಡಿ ಮತ್ತೆ ಸಾಲಿನಲ್ಲಿದ್ದ ಜಾಗಕ್ಕೇ ಇಟ್ಟ.

“ಸಾವುಕಾರ್ರ, ನಾಳಿ ಫರಸಿ ಪಡಸಾಲಿಗೇ ತರಲೇನ್ರಿ?” ದಸ್ತಗೀರ ಕೇಳುತ್ತ ಹತ್ತಿರ ಬಂದ.

“ಹಿತ್ತಲದಾಗ ಒಟ್ಟು. ಅತ್ತ ಸರಿ, ಸಾಲು ತುಳೀಬ್ಯಾಡ.”

ಆ ತುದಿಯಲ್ಲಿ ಹುಡುಗಿ ಪಕ್ಕದ ಜೋಡಿಯನ್ನೊಮ್ಮೆ ನೋಡಿ, ಬೆರಳು ಮಡಚಿ, ಪಾದವನ್ನು ಇನ್ನಷ್ಟು ಸಣ್ಣದು ಮಾಡುತ್ತಿದ್ದಳು.